ಸುದ್ದಿಯ ಎರಡನೇ ಓದು: ಕಲ್ಲಚ್ಚಿನಿಂದ ವೆಬ್ ಡೆಸ್ಕಿನವರೆಗೆ

ಬೆಳಿಗ್ಗೆ ಎದ್ದು ಫೋನ್ ತೆಗೆದರೆ ತಾಲ್ಲೂಕಿನ ಸುದ್ದಿ ಕೈಯಲ್ಲೇ ಇರುತ್ತದೆ. ಅಡಿಕೆ ಧಾರಣೆ ಎಷ್ಟು, ಡ್ಯಾಂಗೆ ಎಷ್ಟು ನೀರು ಬಂತು, ಇವತ್ತು ಎಲ್ಲೆಲ್ಲಿ ಕರೆಂಟ್ ಇಲ್ಲ, ಮಳೆಗೆ ಶಾಲೆ ರಜೆಯೋ ಅಲ್ಲವೋ, ಯಾರು ತೀರಿಕೊಂಡರು. ಇಷ್ಟನ್ನೂ ನಾವು ಏಳುವ ಮೊದಲೇ ಯಾರೋ ಒಬ್ಬರು ಟೈಪ್ ಮಾಡಿ, ಫೋಟೊ ಹಾಕಿ, ತಲೆಬರಹ ಕೊಟ್ಟು ಕಳಿಸಿರುತ್ತಾರೆ. ಜಿಲ್ಲಾ ಪತ್ರಿಕೆಗಳಲ್ಲಿ ಈ ಕೆಲಸ ಮಾಡುವವರಿಗೆ ವೆಬ್ ಎಡಿಟರ್ ಎನ್ನುತ್ತಾರೆ. ಹೆಸರು ದೊಡ್ಡದು. ಕುರ್ಚಿಯಲ್ಲಿ ಕೂತವರು ಮಾತ್ರ ಹೆಚ್ಚಾಗಿ ಆಗಷ್ಟೇ ಕಾಲೇಜು ಮುಗಿಸಿದ ಹುಡುಗನೋ ಹುಡುಗಿಯೋ ಆಗಿರುತ್ತಾರೆ. ನಮ್ಮ ಜೊತೆ ಪತ್ರಿಕೋದ್ಯಮ ಓದಿದವರಲ್ಲೂ ಕೆಲವರು ಆ ಕುರ್ಚಿಯಲ್ಲಿದ್ದಾರೆ.

ಈ ಕುರ್ಚಿ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಕನ್ನಡ ಪತ್ರಿಕೆಗಳ ಇಡೀ ಇತಿಹಾಸ ಬಿಚ್ಚಿಕೊಳ್ಳುತ್ತದೆ. ಆ ಇತಿಹಾಸವನ್ನು ಯಂತ್ರಗಳ ಕತೆಯಾಗಿ ಹೇಳುವವರು ಬಹಳ ಜನ ಇದ್ದಾರೆ. ನಾವು ಇಲ್ಲಿ ಒಂದೇ ಪ್ರಶ್ನೆ ಹಿಡಿದುಕೊಂಡು ಹೋಗೋಣ. ಸುದ್ದಿ ಬರೆದವರನ್ನು ಬಿಟ್ಟು ಇನ್ನೆಷ್ಟು ಜನ ಅದನ್ನು ಓದಿದ ಮೇಲೆ ಅದು ಊರಿಗೆ ತಲುಪುತ್ತಿತ್ತು? ಈಗ ಎಷ್ಟು ಜನ ಓದುತ್ತಾರೆ?

ಕಲ್ಲಿನ ಮೇಲೆ ಬರೆದ ಸುದ್ದಿ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'. ಜರ್ಮನಿಯಿಂದ ಬಂದ ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗ್ ಅದನ್ನು ಮಂಗಳೂರಿನಲ್ಲಿ 1843ರ ಜುಲೈ 1ರಂದು ಹೊರತಂದರು. ಅದಕ್ಕೇ ನಮ್ಮ ರಾಜ್ಯದಲ್ಲಿ ಜುಲೈ 1 ಪತ್ರಿಕಾ ದಿನ. ಹದಿನೈದು ದಿನಕ್ಕೊಂದು ಸಂಚಿಕೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ವರ್ತಮಾನ, ಸರ್ಕಾರದ ನಿರೂಪ, ಬೇರೆ ರಾಜ್ಯಗಳ ಸಮಾಚಾರ ಅದರಲ್ಲಿ ಇರುತ್ತಿದ್ದವು. ಇವತ್ತಿನ ಜಿಲ್ಲಾ ಪತ್ರಿಕೆಯ ವೆಬ್‌ಸೈಟ್ ತೆರೆದು ನೋಡಿ. ಊರ ಸುದ್ದಿ, ಸರ್ಕಾರಿ ಆದೇಶ, ಹೊರಗಿನ ಸುದ್ದಿ ಎಂದು ವಿಂಗಡಣೆ ಹೆಚ್ಚುಕಮ್ಮಿ ಹಾಗೇ ಇದೆ.

ಅದು ಕಲ್ಲಚ್ಚಿನ ಪತ್ರಿಕೆ. ಜಿಡ್ಡಿನ ಮಸಿಯಲ್ಲಿ ಕೈಯಿಂದ ಬರೆದ ಅಕ್ಷರ ನುಣುಪಾದ ಕಲ್ಲಿನ ಮೇಲೆ ಇಳಿಯಬೇಕು. ಕಲ್ಲಿಗೆ ನೀರು ಸವರಿ ಮಸಿ ಉರುಳಿಸಿದರೆ, ಜಿಡ್ಡಿರುವ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಅದರ ಮೇಲೆ ಕಾಗದ ಒತ್ತಿದರೆ ಪುಟ ಸಿದ್ಧ. ಕಲ್ಲಿನ ಮೇಲೆ ಕೂತ ತಪ್ಪನ್ನು ತಿದ್ದುವುದು ಸುಲಭವಲ್ಲ, ಕೆರೆದು ಮತ್ತೆ ಬರೆಯಬೇಕು. ಹಾಗಾಗಿ ಓದುವ ಕೆಲಸವೆಲ್ಲ ಬರೆಯುವುದಕ್ಕೆ ಮೊದಲೇ ಮುಗಿಯಬೇಕಿತ್ತು. ಎರಡು ಸಂಚಿಕೆಗಳ ನಡುವೆ ಹದಿನೈದು ದಿನ ಇದ್ದುದರಿಂದ ಅದಕ್ಕೆ ಸಮಯವೂ ಇತ್ತು.

ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು. ಹೆಸರು 'ಕಂನಡ ಸಮಾಚಾರ' ಎಂದಾಯಿತು, ಕಲ್ಲು ಹೋಗಿ ಅಚ್ಚಿನ ಮೊಳೆ ಬಂತು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಪತ್ರಿಕೆಗಳನ್ನು ನಡೆಸಿದ್ದು ಈ ಸೀಸದ ಮೊಳೆಗಳೇ.

ಜೋರಾಗಿ ಓದುವವರಿದ್ದ ಕಾಲ

ಹಳೆಯ ಪ್ರೆಸ್ಸಿನಲ್ಲಿ ದುಡಿದವರು ನಿಮ್ಮೂರಿನಲ್ಲಿದ್ದರೆ ಕೇಳಿ ನೋಡಿ. ಮರದ ಕೇಸು, ಅದರಲ್ಲಿ ಸಣ್ಣಸಣ್ಣ ಮನೆ, ಮನೆಗೊಂದು ಅಕ್ಷರ. ಇಂಗ್ಲಿಷಿಗೆ ಬೇಕಾದಷ್ಟೇ ಮನೆ ಕನ್ನಡಕ್ಕೆ ಸಾಲದು. ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ಅರ್ಕಾವತ್ತು ಬೇರೆ. ಕಂಪೋಸಿಟರ್ ನಿಂತೇ ಕೆಲಸ ಮಾಡುತ್ತಿದ್ದ. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಮೇಲೆ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಅದನ್ನು ಬೆರಳಿನಲ್ಲೇ ಗುರುತಿಸುವ ಅಭ್ಯಾಸ ಅವನಿಗೆ ಇರುತ್ತಿತ್ತು.

ಸಾಲು ಸೇರಿ ಗ್ಯಾಲಿ ತುಂಬಿದ ಮೇಲೆ ಮಸಿ ಸವರಿ ಒಂದು ಕಾಗದ ಒತ್ತಿ ತೆಗೆಯುತ್ತಿದ್ದರು. ಅದೇ ಕರಡು. ಅದು ನೇರ ಪ್ರೂಫ್ ರೀಡರ್ ಮೇಜಿಗೆ ಹೋಗುತ್ತಿತ್ತು. ಅಲ್ಲಿ ಇಬ್ಬರು. ಒಬ್ಬ ಮೂಲ ಪ್ರತಿ ಹಿಡಿದು ಜೋರಾಗಿ ಓದುವವನು, ಇನ್ನೊಬ್ಬ ಕರಡಿನ ಮೇಲೆ ಕಣ್ಣಿಟ್ಟು ತಿದ್ದುವವನು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ತಿದ್ದಿದ ಕರಡು ಮತ್ತೆ ಕಂಪೋಸಿಟರ್ ಹತ್ತಿರ ಬರುತ್ತದೆ, ಅವನು ಚಿಮುಟದಲ್ಲಿ ತಪ್ಪು ಮೊಳೆ ಕಿತ್ತು ಸರಿ ಮೊಳೆ ಕೂರಿಸುತ್ತಾನೆ. ಪುಟ ಕಟ್ಟಿದ ಮೇಲೆ ಮತ್ತೊಂದು ಕರಡು, ಮತ್ತೊಂದು ಓದು.

ಎಣಿಸಿ ನೋಡಿ. ಬರೆದ ವರದಿಗಾರ, ಅದನ್ನು ಕತ್ತರಿಸಿ ತಲೆಬರಹ ಕೊಟ್ಟ ಉಪಸಂಪಾದಕ, ಒಂದೊಂದೇ ಅಕ್ಷರ ಜೋಡಿಸಿದ ಕಂಪೋಸಿಟರ್, ಓದಿದವನು, ತಿದ್ದಿದವನು, ಪುಟ ಒಪ್ಪಿದ ಮುಖ್ಯ ಉಪಸಂಪಾದಕ. ಒಂದು ಹಳ್ಳಿಯ ಜಾತ್ರೆ ಸುದ್ದಿಯೂ ಆರು ಜನರ ಕಣ್ಣು ದಾಟಿ ಬರುತ್ತಿತ್ತು. ಹಾಗಿದ್ದೂ ತಪ್ಪುಗಳು ಬರುತ್ತಿದ್ದವು, ಆ ತಪ್ಪುಗಳ ತಮಾಷೆ ಕತೆಗಳು ಪ್ರತಿ ಪತ್ರಿಕಾಲಯದಲ್ಲೂ ಇವೆ. ಆದರೆ ತಪ್ಪು ಹಿಡಿಯುವುದಕ್ಕೆ ಅಂತಲೇ ಸಂಬಳ ಕೊಟ್ಟು ಇಟ್ಟುಕೊಂಡ ಜನ ಅಲ್ಲಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಬಸ್ಸಿನಲ್ಲಿ ಬಂದ ಕವರ್

ಹಳ್ಳಿಯ ಸುದ್ದಿ ಆ ಆರು ಜನರ ತನಕ ತಲುಪುವುದೇ ಒಂದು ಸಾಹಸ. ತಾಲ್ಲೂಕಿನ ಅರೆಕಾಲಿಕ ವರದಿಗಾರ ಮೇಷ್ಟ್ರೋ ಅಂಗಡಿಯವರೋ ಪತ್ರಿಕೆಯ ಏಜೆಂಟರೋ ಆಗಿರುತ್ತಿದ್ದರು. ಬಿಳಿ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಕವರಿಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಜಿಲ್ಲಾ ಕೇಂದ್ರದ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆಯ ಹುಡುಗ ಸೈಕಲ್ಲಿನಲ್ಲಿ ಕಾಯುತ್ತಿದ್ದ. ಅಪಘಾತ, ಪ್ರವಾಹದಂಥ ಅವಸರದ ಸುದ್ದಿಗೆ ಟೆಲಿಗ್ರಾಂ ಅಥವಾ ಟ್ರಂಕ್ ಕಾಲ್. ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ದೇಶದಲ್ಲೇ ನಿಂತುಹೋಯಿತು.

ಹೊರಗಿನ ಸುದ್ದಿ ಟೆಲಿಪ್ರಿಂಟರಿನಲ್ಲಿ ಇಂಗ್ಲಿಷಿನಲ್ಲಿ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಅದನ್ನು ಹರಿದು, ಆರಿಸಿ, ಕನ್ನಡಕ್ಕೆ ತರುವುದು ಉಪಸಂಪಾದಕರ ರಾತ್ರಿ ಪಾಳಿ. ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವರು ಮೊದಲಿನಿಂದಲೂ ಅರ್ಧ ಪತ್ರಕರ್ತರು, ಅರ್ಧ ಅನುವಾದಕರು. ನಾವು ಇವತ್ತು ಸಲೀಸಾಗಿ ಬಳಸುವ ಎಷ್ಟೋ ಆಡಳಿತದ ಕನ್ನಡ ಪದಗಳು ಓದುಗರ ಬಾಯಿಗೆ ಬಂದದ್ದು ಇಂಥ ಮೇಜುಗಳಿಂದ.

ಆಗ ಗಡುವು ಎಂಬುದು ಗಟ್ಟಿಯಾದ ವಸ್ತು. ದೂರದ ಜಿಲ್ಲೆಗೆ ಹೋಗುವ ಡಾಕ್ ಆವೃತ್ತಿಯ ಪುಟಗಳು ಬೇಗ ಮುಚ್ಚಬೇಕು, ಇಲ್ಲದಿದ್ದರೆ ವ್ಯಾನು ಹೊರಡುವುದಿಲ್ಲ. ಪುಟ ಮುಚ್ಚಿದ ಮೇಲೆ ಬಂದ ಸುದ್ದಿ ನಾಳೆಗೆ. ನಮ್ಮೂರಿನ ಸುದ್ದಿ ಮೂರು ದಿನ ಬಿಟ್ಟು ಬಂದರೂ ಕತ್ತರಿಸಿ ಇಟ್ಟುಕೊಳ್ಳುವವರಿದ್ದರು.

ಈ ತಡವನ್ನು ಕಡಿಮೆ ಮಾಡಿದ್ದು ಜಿಲ್ಲಾ ಪತ್ರಿಕೆಗಳು. ಮಡಿಕೇರಿಯ 'ಶಕ್ತಿ', ಮೈಸೂರಿನ 'ಆಂದೋಲನ', 'ಮೈಸೂರು ಮಿತ್ರ', ದಾವಣಗೆರೆಯ 'ಜನತಾವಾಣಿ', ತುಮಕೂರಿನ 'ಪ್ರಜಾಪ್ರಗತಿ', ಹೀಗೆ ಊರೂರಿಗೂ ಒಂದು. ಇವು ಸಣ್ಣ ಪತ್ರಿಕೆಗಳು, ಇಲ್ಲಿ ಜನ ಕಡಿಮೆ. ಆದರೂ ಒಂದು ಅನುಕೂಲ ಇತ್ತು. ವರದಿ ಓದುವವರಿಗೆ ಊರು ಗೊತ್ತಿತ್ತು. ನಮ್ಮ ರಾಜ್ಯದಲ್ಲಿ ಹೊಸಹಳ್ಳಿ ಎಷ್ಟಿವೆ, ರಾಂಪುರ ಎಷ್ಟಿವೆ! ಯಾವ ಹೋಬಳಿಯ ಹೊಸಹಳ್ಳಿ ಎಂದು ಕೇಳಲು ಗೊತ್ತಿರುವವರು ಬೇಕು. ಎರಡನೇ ಓದು ಎಂದರೆ ಕಾಗುಣಿತ ತಿದ್ದುವುದಷ್ಟೇ ಅಲ್ಲ. 'ಇದು ನಿಜವಾ? ಯಾರು ಹೇಳಿದ್ದು?' ಎಂದು ಕೇಳುವುದೂ ಅದರಲ್ಲಿ ಸೇರಿದೆ.

ಪತ್ರಿಕೆಗೊಂದು ಫಾಂಟು

1980 ಮತ್ತು 90ರ ದಶಕದಲ್ಲಿ ಕಂಪ್ಯೂಟರ್ ಬಂತು. ಕನ್ನಡವನ್ನು ಸಾಮಾನ್ಯ ಕೀಲಿಮಣೆಯಲ್ಲೇ ಹೊಡೆಯುವ ವಿನ್ಯಾಸ ರೂಪಿಸಿದವರು ಕೆ.ಪಿ. ರಾವ್. ಸರ್ಕಾರ ಮುಂದೆ ಒಪ್ಪಿಕೊಂಡದ್ದು ಆ ದಾರಿಯನ್ನೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಪತ್ರಿಕಾಲಯ ಎಲ್ಲ ಕಡೆ ಕೂತಿತು. ಸೀಸದ ಮೊಳೆಗಳು ತೂಕಕ್ಕೆ ಹೋದವು. ಮೊದಲು ಖಾಲಿಯಾದದ್ದು ಕಂಪೋಸಿಟರ್ ನಿಂತಿದ್ದ ಜಾಗ. ವರದಿಗಾರರೇ ಟೈಪ್ ಮಾಡಿ ಕಳಿಸತೊಡಗಿದ ಮೇಲೆ ಮೂಲ ಪ್ರತಿ ಬೇರೆ, ಕರಡು ಬೇರೆ ಎಂಬುದೇ ಉಳಿಯಲಿಲ್ಲ. ಜೋರಾಗಿ ಓದುವವನ ಕೆಲಸವೂ ಹೋಯಿತು.

ಇಂಟರ್ನೆಟ್ಟಿನಲ್ಲಿ ಕನ್ನಡ ಬೇಗನೇ ಕಾಲಿಟ್ಟಿತು. ಯು.ಬಿ. ಪವನಜ ಅವರು 'ವಿಶ್ವ ಕನ್ನಡ' ಎಂಬ ಅಂತರಜಾಲ ಪತ್ರಿಕೆಯನ್ನು 1996ರಲ್ಲೇ ಶುರು ಮಾಡಿದ್ದರು. ಆದರೆ ಪತ್ರಿಕೆಗಳ ವೆಬ್‌ಸೈಟಿಗೆ ಒಂದು ದೊಡ್ಡ ತೊಡಕಿತ್ತು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟು. ಆ ಫಾಂಟು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಸುದ್ದಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಚಿತ್ರಾನ್ನ ಕಾಣುತ್ತಿತ್ತು. ಯಂತ್ರದ ಒಳಗೆ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು, ಅಷ್ಟೇ.

ಇದಕ್ಕೆ ಪರಿಹಾರ ಯೂನಿಕೋಡ್. ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರ ಒಪ್ಪುವ ಒಂದು ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಅದು ನಮ್ಮ ಕೈಗೆ ಬರಲು ಬಹಳ ಕಾಲ ಹಿಡಿಯಿತು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ. ಅದಕ್ಕೂ ಹಿಂದಿನ ಫೋನುಗಳಲ್ಲಿ ಕನ್ನಡ ಎಂದರೆ ಖಾಲಿ ಚೌಕಗಳ ಸಾಲು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಅಲ್ಲಿಂದ ಸುದ್ದಿ ಹೊಲದ ಬದುವಿಗೂ ಬಂತು. ಜಿಲ್ಲಾ ಪತ್ರಿಕೆಗಳು ವೆಬ್‌ಸೈಟಿಗೆ, ಫೇಸ್‌ಬುಕ್ಕಿಗೆ, ವಾಟ್ಸ್‌ಆಪಿಗೆ ಅಂತಲೇ ಒಬ್ಬರನ್ನು ಕೂರಿಸಲೇಬೇಕಾಯಿತು. ನಮ್ಮ ವೆಬ್ ಎಡಿಟರ್ ಹುಟ್ಟಿದ್ದು ಹೀಗೆ.

ಪಾರ್ವತಮ್ಮ ಪಾವರ್ತಮ್ಮ ಆದಾಗ

ಈಗ ಆ ಕುರ್ಚಿಯಲ್ಲಿ ಕೂತವರ ಒಂದು ದಿನ ನೋಡೋಣ.

ಬೆಳಿಗ್ಗೆ ಆರಕ್ಕೆ ಡ್ಯಾಂ ಮಟ್ಟ. ಕೆಆರ್‌ಎಸ್‌ಗೆ 124.80 ಅಡಿ, ತುಂಗಭದ್ರಾಗೆ 1633 ಅಡಿ, ಲಿಂಗನಮಕ್ಕಿಗೆ 1819 ಅಡಿ. ಈ ಗರಿಷ್ಠ ಮಟ್ಟಗಳು ಬಾಯಿಪಾಠ ಆಗಿರಬೇಕು. ಅದಾದ ಮೇಲೆ ಮಳೆ ರಜೆ. ಜಿಲ್ಲಾಧಿಕಾರಿ ಸಹಿ ಇರುವ ರಜೆ ಆದೇಶದ ಚಿತ್ರ ಗ್ರೂಪಿನಲ್ಲಿ ಬಂದಿರುತ್ತದೆ, ಆದರೆ ಕಳೆದ ವರ್ಷದ ಆದೇಶದ ತಾರೀಖು ತಿದ್ದಿ ಬಿಡುವವರೂ ಇದ್ದಾರೆ. ಫೋನ್ ಮಾಡಿ ಕೇಳಬೇಕು. ಕೇಳುವಷ್ಟರಲ್ಲಿ ಬೇರೆಯವರು ಹಾಕಿಬಿಟ್ಟಿರುತ್ತಾರೆ.

ಒಂಬತ್ತಕ್ಕೆ ಮುದ್ರಿತ ಪತ್ರಿಕೆಯ ಸುದ್ದಿಗಳನ್ನು ವೆಬ್‌ಸೈಟಿಗೆ ಏರಿಸುವ ಕೆಲಸ. ಪುಟ ಕಟ್ಟುವವರು ಈಗಲೂ ಹಳೆಯ ನುಡಿ ಫಾಂಟಿನಲ್ಲೇ ಕೂತಿದ್ದರೆ ಅದನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಬೇಕು. ಇಲ್ಲೇ ಕಿತಾಪತಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ, ಅಕ್ಷರದ ಮೊದಲು ಬರಬೇಕು. ಪರಿವರ್ತಕ ಒಂದು ಹೆಜ್ಜೆ ತಪ್ಪಿದರೆ ಪಾರ್ವತಮ್ಮ ಹೋಗಿ ಪಾವರ್ತಮ್ಮ ಆಗುತ್ತಾರೆ. ಅದು ನಿಧನ ವಾರ್ತೆಯಾಗಿದ್ದರೆ? ಮನೆಯವರು ಅದನ್ನೇ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಜೀವನದಲ್ಲಿ ಒಂದೇ ಸಲ ಪತ್ರಿಕೆಯಲ್ಲಿ ಬಂದ ಹೆಸರು ಅದು.

ಹಗಲೆಲ್ಲ ಪತ್ರಿಕಾ ಪ್ರಕಟಣೆ, ಎಪಿಎಂಸಿ ಧಾರಣೆ, ಅಪಘಾತ, ಪ್ರತಿಭಟನೆ. ತಾಲ್ಲೂಕು ವರದಿಗಾರರು ಈಗ ಬರೆಯುವುದಕ್ಕಿಂತ ಫೋನಿಗೆ ಮಾತಾಡಿ ಅಕ್ಷರ ಮಾಡಿಸಿ ಕಳಿಸುವುದೇ ಹೆಚ್ಚು. ಯಂತ್ರ ಕೇಳಿಸಿಕೊಂಡ ಊರ ಹೆಸರೆಲ್ಲ ಸರಿ ಇರುವುದಿಲ್ಲ. ಇಂಗ್ಲಿಷ್ ಪ್ರಕಟಣೆಯನ್ನು ಯಂತ್ರವೇ ಕನ್ನಡ ಮಾಡಿಕೊಡುತ್ತದೆ. ಟೆಲಿಪ್ರಿಂಟರ್ ಕಾಲದ ಉಪಸಂಪಾದಕ ಅನುವಾದ ಮಾಡುವಾಗ ಅರ್ಥ ಮಾಡಿಕೊಳ್ಳಲೇಬೇಕಿತ್ತು. ಈಗ ಅರ್ಥ ಮಾಡಿಕೊಳ್ಳದೆಯೂ ಅನುವಾದ ಸಿಗುತ್ತದೆ. ಅಪಾಯ ಇರುವುದು ಅಲ್ಲೇ.

ಇದರ ಜೊತೆಗೆ ಫೋಟೊ ಕತ್ತರಿಸಬೇಕು, ವಿಡಿಯೊಗೆ ಅಕ್ಷರ ಹಾಕಬೇಕು, ಕಾಮೆಂಟಿನಲ್ಲಿ ಬೈಗುಳ ಅಳಿಸಬೇಕು, ಸಂಜೆ 'ಎಷ್ಟು ಜನ ನೋಡಿದರು' ಎಂಬ ಲೆಕ್ಕ ಒಪ್ಪಿಸಬೇಕು. ಒಂದು ಕಾಲದ ಉಪಸಂಪಾದಕ, ಅನುವಾದಕ, ಕಂಪೋಸಿಟರ್, ಪ್ರೂಫ್ ರೀಡರ್, ಪುಟ ಕಟ್ಟುವವರು, ಪತ್ರಿಕೆ ಹಂಚುವ ಹುಡುಗ, ಇಷ್ಟೂ ಜನ ಇವರೊಬ್ಬರೇ. ಬರೆದವರೇ ತಮ್ಮ ತಪ್ಪು ಹುಡುಕಿಕೊಳ್ಳಬೇಕು. ತಾನು ಬರೆದದ್ದರಲ್ಲಿ ತನ್ನ ಕಣ್ಣಿಗೆ ತಪ್ಪು ಬೀಳುವುದಿಲ್ಲ ಎಂದು ಗೊತ್ತಿದ್ದೇ ಹಳಬರು ಆ ಎರಡನೇ ಕುರ್ಚಿ ಇಟ್ಟಿದ್ದರು.

ಒಂದು ಪದದ ಅಂತರ

ಇದೆಲ್ಲ ಪತ್ರಿಕೆಯವರ ಮನೆಯೊಳಗಿನ ಕಷ್ಟ, ನಮಗೇನು ಎನ್ನಬೇಡಿ.

2024ರ ಆಗಸ್ಟ್ 10, ಶನಿವಾರ ರಾತ್ರಿ. ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ದೂರದ ಊರುಗಳ ಭಾನುವಾರದ ಪತ್ರಿಕೆ ಮುಚ್ಚುವ ಹೊತ್ತು ಅದು. ಆ ರಾತ್ರಿ ನದಿ ಪಕ್ಕದ ಊರುಗಳಿಗೆ ಸುದ್ದಿ ಮುಟ್ಟಿಸಲು ಸಾಧ್ಯ ಇದ್ದದ್ದು ಫೋನಿಗೆ ಮಾತ್ರ. 'ಒಂದು ಗೇಟು ಕಿತ್ತುಹೋಗಿದೆ' ಎಂದು ಬರೆದರೆ ಜನ ನದಿ ಕಡೆ ಹೋಗದೆ ದನಕರು ಮೇಲಕ್ಕೆ ಕಟ್ಟುತ್ತಾರೆ. 'ಡ್ಯಾಂ ಒಡೆದಿದೆ' ಎಂದು ಬರೆದರೆ ಕತ್ತಲಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಓಡುತ್ತಾರೆ. ಒಟ್ಟು 33 ಗೇಟುಗಳಲ್ಲಿ ಹೋದದ್ದು ಒಂದು ಎಂಬ ಸಾಲು ತಲೆಬರಹದ ಕೆಳಗೇ ಇರಬೇಕು. ಅಂಥ ರಾತ್ರಿಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಅರ್ಧ ನಿಮಿಷದಲ್ಲಿ ಆರಿಸುವ ಪದ ಸಾವಿರಾರು ಮನೆಯ ನಿದ್ದೆಯನ್ನು ತೀರ್ಮಾನ ಮಾಡುತ್ತದೆ. ಆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ ಕೂರಿಸಲು ಸುಮಾರು ಒಂದು ವಾರ ಹಿಡಿಯಿತು. ಅಷ್ಟು ದಿನವೂ ಇದೇ ಎಚ್ಚರ ಬೇಕಿತ್ತು.

ಓದುವವರೇ ಇಲ್ಲದ ಸುದ್ದಿ ಏನು ಮಾಡುತ್ತದೆ ಎನ್ನುವುದನ್ನೂ ನಾವು ನೋಡಿದ್ದೇವೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆಪ್ ವದಂತಿ ನಂಬಿದ ಗುಂಪು ಹೊರಗಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಮಿತಿ ಹಾಕಿತು. ಆ ವದಂತಿಗೆ ವರದಿಗಾರ ಇರಲಿಲ್ಲ, ಉಪಸಂಪಾದಕ ಇರಲಿಲ್ಲ, 'ಯಾರು ಹೇಳಿದ್ದು' ಎಂದು ಕೇಳಿದವರೂ ಇರಲಿಲ್ಲ. ಜಿಲ್ಲಾ ಪತ್ರಿಕೆಯ ಸುದ್ದಿಗೂ ಗ್ರೂಪಿನ ಫಾರ್ವರ್ಡಿಗೂ ಇರುವ ಅಂತರ ಆ ಎರಡನೇ ಓದು. ಅದು ಹೋದರೆ ಎರಡೂ ಒಂದೇ.

ಅಳಿಸಿದ ತಪ್ಪು, ಉಳಿದ ತಪ್ಪು

ಮುದ್ರಿತ ಪತ್ರಿಕೆಯಲ್ಲಿ ತಪ್ಪಾದರೆ ಅದನ್ನು ವಾಪಸು ತರುವಂತಿಲ್ಲ. ಮನೆಮನೆಗೆ ಹೋಗಿಬಿಟ್ಟಿರುತ್ತದೆ. ಹಾಗಾಗಿ ಮರುದಿನ 'ತಿದ್ದುಪಡಿ' ಅಥವಾ 'ವಿಷಾದ' ಎಂಬ ಸಣ್ಣ ಚೌಕ ಹಾಕುತ್ತಿದ್ದರು. ಒಳಪುಟದ ಮೂಲೆಯಲ್ಲಿ ಇರುತ್ತಿತ್ತು ನಿಜ, ಆದರೆ ಇರುತ್ತಿತ್ತು. ಕೊನೆಯ ಪುಟದ ಕೆಳಗೆ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂಬ ಸಾಲೂ ಇರುತ್ತದೆ. ಅದು 1867ರ ಕಾಯ್ದೆಯ ಕಾಲದಿಂದ ಬಂದ ಪದ್ಧತಿ. ತಪ್ಪಾದರೆ ಯಾರ ಬಾಗಿಲು ಬಡಿಯಬೇಕು ಎಂದು ಓದುಗನಿಗೆ ಗೊತ್ತಾಗುತ್ತಿತ್ತು.

ವೆಬ್‌ಸೈಟಿನಲ್ಲಿ ತಪ್ಪನ್ನು ಯಾರಿಗೂ ಗೊತ್ತಾಗದ ಹಾಗೆ ಅಳಿಸಬಹುದು. ಬೆಳಿಗ್ಗೆ ಓದಿದವರಿಗೆ ಒಂದು ಸುದ್ದಿ, ಸಂಜೆ ಓದಿದವರಿಗೆ ಅದೇ ಕೊಂಡಿಯಲ್ಲಿ ಇನ್ನೊಂದು ಸುದ್ದಿ. ಬೆಳಗಿನ ಸುದ್ದಿಯ ಸ್ಕ್ರೀನ್‌ಶಾಟ್ ಮಾತ್ರ ಗ್ರೂಪುಗಳಲ್ಲಿ ಓಡುತ್ತಲೇ ಇರುತ್ತದೆ. ಕಳ್ಳತನದ ಆರೋಪದಲ್ಲಿ ತಪ್ಪಾಗಿ ಹೆಸರು ಬಂದವನಿಗೆ, ವೆಬ್‌ಸೈಟಿನಲ್ಲಿ ಹೆಸರು ಅಳಿಸಿದ್ದರಿಂದ ಊರಿನಲ್ಲಿ ಹೋದ ಮಾನ ವಾಪಸು ಬರುವುದಿಲ್ಲ. ಅವನ ಕೈಯಲ್ಲಿ ತೋರಿಸಲು ಒಂದು ಸಾಲು ಬೇಕು: 'ಈ ಸುದ್ದಿಯಲ್ಲಿ ಮೊದಲು ಇಂಥ ಹೆಸರು ತಪ್ಪಾಗಿ ಬಂದಿತ್ತು, ಇಂಥ ಹೊತ್ತಿಗೆ ಸರಿಪಡಿಸಲಾಗಿದೆ.'

ಇದು ಬರೆಯಲು ಅರ್ಧ ನಿಮಿಷದ ಕೆಲಸ. ಹಾಕಲು ಮನಸ್ಸು ಬೇಕು, ಹಾಕಿದ್ದಕ್ಕೆ ಬೈಯದ ಮಾಲೀಕರು ಬೇಕು. ಇದನ್ನು ತಾವಾಗಿಯೇ ರೂಢಿ ಮಾಡಿಕೊಂಡ ವೆಬ್ ಎಡಿಟರ್‌ಗಳು ನಮ್ಮ ಗೆಳೆಯರಲ್ಲಿ ಇದ್ದಾರೆ. ಹೆಸರು ಮತ್ತು ಆರೋಪ ಎರಡೂ ಇರುವ ಸುದ್ದಿಯನ್ನು ಪಕ್ಕದವರಿಗೆ ಜೋರಾಗಿ ಓದಿ ಹೇಳಿದ ಮೇಲೇ ಬಟನ್ ಒತ್ತುವವರೂ ಇದ್ದಾರೆ. ಹಳೆಯ ಪ್ರೆಸ್ಸಿನ ಆ ಓದುವವನು ಬೇರೆ ರೂಪದಲ್ಲಿ ವಾಪಸು ಬಂದ ಹಾಗೆ.

ಓದುಗರಿಗೂ ಇಲ್ಲಿ ಕೆಲಸ ಇದೆ. ಹಿಂದೆ ಊರ ಹೆಸರು ತಪ್ಪಾದರೆ 'ಏನ್ರೀ, ನಮ್ಮೂರನ್ನೇ ಬೇರೆ ತಾಲ್ಲೂಕಿಗೆ ಸೇರಿಸಿದ್ದೀರಲ್ಲ' ಎಂದು ಕಾರ್ಡು ಬರೆಯುವವರಿದ್ದರು, ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರನ್ನು ಹಿಡಿದು ಕೇಳುವವರಿದ್ದರು. ಈಗ ಕಾಮೆಂಟಿನಲ್ಲಿ ಬೈದು ಮುಂದೆ ಹೋಗುತ್ತೇವೆ. ಬೈಗುಳ ಅಳಿಸಿಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಮುಂದಿನ ಸಲ ತಪ್ಪು ಕಂಡರೆ ನಿಮ್ಮ ತಾಲ್ಲೂಕಿನ ವರದಿಗಾರರಿಗೆ ಒಂದು ಫೋನ್ ಮಾಡಿ. ಸರಿಪಡಿಸಿದರಷ್ಟೇ ಸಾಲದು, ಸರಿಪಡಿಸಿದ್ದೇವೆ ಎಂಬ ಸಾಲನ್ನೂ ಹೊತ್ತು ಸಮೇತ ಕೆಳಗೆ ಹಾಕಿ ಎಂದು ಕೇಳಿ. ನಿಮ್ಮ ಫೋನು ಹೋದ ದಿನ ಆ ಡೆಸ್ಕಿನಲ್ಲಿ ಎರಡನೇ ಕುರ್ಚಿಗೆ ಒಬ್ಬರು ಬಂದು ಕೂತಂತೆ.